ಊದಿ ಆರಿಸಿದ ಮೇಣಬತ್ತಿ

ಭೂಕಂಪವಾಗಿ ಎರಡು ವರ್ಷ ಕಳೆದರೂ ನಮ್ಮ ಪ್ರಾರ್ಥನೆ ತಗಡಿನ ಶೆಡ್ಡಿನಲ್ಲೇ ನಡೆಯುತ್ತಿತ್ತು. ಗಡಿಯಾಚೆಯ ಮುರುಮದ ಹತ್ತಿರದ ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರ ಮುಂಜಾನೆ ಎಲ್ಲರೂ ಬಂದು ಕೂತರೂ ಎರಡು ಜಮಖಾನೆ ಸಾಕಾಗುತ್ತಿತ್ತು. ಪ್ರಾರ್ಥನೆ ನಡೆಸುವವರು ನಿವೃತ್ತ ಮಾಸ್ತರರಾದ ನಮ್ಮಪ್ಪ. ಮೇಣಬತ್ತಿ ಹಚ್ಚುವವಳು ಅವ್ವ. ಮುಗಿದ ಕೂಡಲೇ ಅದನ್ನು ಫೂ ಎಂದು ಊದಿ, ಉಳಿದ ತುಂಡನ್ನು ಡಬ್ಬಿಗೆ ಹಾಕಿಡುವಳು. ಒಂದೇ ಬತ್ತಿಯನ್ನು ತಿಂಗಳುಗಟ್ಟಲೆ ಓಡಿಸುವ ಜಾಣೆ.

ಅಲ್ಲಿಗೆ ಪಕ್ಕದ ಶೆಡ್ಡಿನ, ನಾವು ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದ ಹೆಂಗಸು ಬರತೊಡಗಿದ್ದು ನನಗೆ ಸೇರಲಿಲ್ಲ. ಅವರದು ಕಿರಾಣಿ ಅಂಗಡಿಯ ಲಿಂಗಾಯತರ ಮನೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ.

“ನಾಳಿ ಆಕಿ ಜಾತಿ ಕೆಡಿಸಿದ್ರಂತ ಮಂದಿ ನಮ್ಮ ಮ್ಯಾಲೇ ಗೂಬಿ ಕೂಡಸ್ತಾರ,” ಎಂದು ಸಿಡುಕಿದೆ.

“ಸುಮ್ನ ಕುಂತು ಹೋಗ್ತಾಳ. ನಿಂದೇನ್ ಗಂಟು ಹೋತು?” ಎಂದಳು ಅವ್ವ.

ಕಾಕು ಪ್ರಾರ್ಥನೆಯನ್ನೇನೂ ಕೇಳುತ್ತಿರಲಿಲ್ಲ. ಬತ್ತಿಯ ಉರಿಯನ್ನೇ ನೋಡುತ್ತಿದ್ದಳು. ಗಾಳಿ ಬಂದರೆ ಸೆರಗು ಅಡ್ಡ ಹಿಡಿಯುವಳು. ಮುಗಿಯುವ ಮೊದಲೇ ಅಂಗಡಿ ತೆಗೆಯಲು ಎದ್ದು ಹೋಗುವಳು. ಒಂದು ಭಾನುವಾರ ಅಂಗಡಿಗೆ ರಜೆ ಇತ್ತು, ಕೊನೆಯವರೆಗೂ ಕೂತಳು. ಅವ್ವ ಎಂದಿನಂತೆ ಬಾಗಿ ಫೂ ಎಂದಳು.

ಕಾಕು ಚೀರಿ ಅವ್ವನ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಬತ್ತಿ ಆರಿತ್ತು. ಅವರ ಮನೆಗಳಲ್ಲಿ ದೀಪವನ್ನು ಯಾರೂ ಬಾಯಿಂದ ಊದುವುದಿಲ್ಲ. ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಬಾಳಿದ ನಮಗೆ ಅದು ಹೊಳೆಯಲೇ ಇಲ್ಲ.

“ಏನ್ ಮಾಡಿದ್ರಿ ವೈನಿ! ಈಗ ಯಾರ ಜೀವ ಹೋಗ್ತದೋ!” ಅವ್ವ ಅವಳನ್ನು ಹಿಡಿದು ಕೂರಿಸಿದ ಮೇಲೆ, ಗಂಡನಿಗೂ ಹೇಳದ ಮಾತು ಹೊರಬಿತ್ತು.

“ಗಣಪತಿ ಕಳಿಸಿ ಬಂದ ದಿನ ಭಾಳ ದಣದಿದ್ದೆ ರೀ. ದೇವರ ಮುಂದಿನ ದೀಪ ಆರಿತ್ತು. ನಾಳಿ ಹಚ್ಚಿದ್ರಾತು ಅಂತ ಮಕ್ಕೊಂಡೆ. ನಸುಕಿನ್ಯಾಗ ಗ್ವಾಡಿ ಬಿತ್ತು. ಹಬ್ಬಕ್ಕ ಬಂದಿದ್ದ ನನ್ನ ತಂಗಿ ಹೋದ್ಲು. ಆಕಿನ್ನ ನಾನೇ ಕೊಂದೀನಿ.”

ಅಪ್ಪ ಕನ್ನಡಕ ತೆಗೆದರು. ಇನ್ನು ಉಪದೇಶ ಶುರುವಾಗುತ್ತದೆ ಎಂದು ನನಗೆ ಮೊದಲೇ ಮೈ ಉರಿಯಿತು. ಭೂಕಂಪದ ನಂತರ ನಾನು ಪ್ರಾರ್ಥನೆಯಲ್ಲಿ ಬರೀ ತುಟಿ ಅಲ್ಲಾಡಿಸುತ್ತಿದ್ದೆ.

“ತಂಗೆವ್ವ, ನಮ್ಮವ್ವ ತಲಿದೆಸಿ ಚಿಮಣಿ ಇಟ್ಕೊಂಡೇ ಮಲಗತಿದ್ಲು,” ಎಂದರು ಅಪ್ಪ. “ದೇವರು ಅಂದ್ರ ಬೆಳಕು, ಅಂವಾ ಕಾಯ್ತಾನ ಅಂತಿದ್ಲು. ಆವತ್ತೂ ನಾನೇ ಎಣ್ಣಿ ತುಂಬಿ ಹಚ್ಚಿಟ್ಟಿದ್ದೆ. ಆಕಿನೂ ಗ್ವಾಡಿ ಕೆಳಗೇ ಹೋದ್ಲು. ದೀಪ ಇದ್ದ ಮನಿನೂ ಬಿತ್ತು, ಇಲ್ಲದ ಮನಿನೂ ಬಿತ್ತು. ನಿಂದೇನೂ ತಪ್ಪಿಲ್ಲ.”

ಅಜ್ಜಿಯ ಸಾವಿನ ಬಗ್ಗೆ ಅಪ್ಪ ಬಾಯಿಬಿಟ್ಟದ್ದು ಅದೇ ಮೊದಲು.

“ಹಂಗಾದ್ರ ದೇವರ ಬೆಳಕು ಅಂತೀರಲ್ಲ, ಅದು ಯಾತಕ್ಕ ರೀ?” ಎಂದಳು ಕಾಕು. ಎರಡು ವರ್ಷದಿಂದ ನಾನು ನುಂಗಿಕೊಂಡಿದ್ದ ಪ್ರಶ್ನೆಯೂ ಅದೇ.

ಅಪ್ಪ ಕನ್ನಡಕ ಒರೆಸುತ್ತ ಹೇಳಿದರು. “ಗ್ವಾಡಿ ಬೀಳದಂಗ ಹಿಡಿಯೋದಕ್ಕಲ್ಲವ್ವ. ಗ್ವಾಡಿ ಕೆಳಗ ಸಿಕ್ಕವರನ್ನೂ ಅದು ಬಿಟ್ಟು ಹೋಗಂಗಿಲ್ಲ. ಆ ಕತ್ತಲದಾಗ ಅಂವಾ ನಮ್ಮವ್ವನ ಜೋಡಿ ಇದ್ದ, ನಿನ್ನ ತಂಗಿ ಜೋಡಿನೂ ಇದ್ದ. ನಾ ನಂಬಿದ್ದು ಇಷ್ಟೇ. ಹೆಚ್ಚಿಂದು ನನಗ ಗೊತ್ತಿಲ್ಲ.”

ಕಾಕು ಅವ್ವನ ಹೆಗಲಿಗೆ ಒರಗಿ ಮನಸಾರೆ ಅತ್ತಳು. ನಾನೂ ಅತ್ತೆ. ಕಾವಲುಗಾರ ನಿದ್ದೆ ಹೋದನೆಂದು ಇಷ್ಟು ದಿನ ದೇವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಅವನು ಅಲ್ಲೇ, ಅಜ್ಜಿಯ ಪಕ್ಕದಲ್ಲೇ ಇದ್ದ ಎಂದು ಕೇಳಿ ಎದೆ ಹಗುರಾಯಿತು. ಅಂದು ಸಂಜೆ ಎಷ್ಟೋ ದಿನಗಳ ಮೇಲೆ ನಿಜವಾಗಿ ಪ್ರಾರ್ಥಿಸಿದೆ.

ಮುಂದಿನ ಭಾನುವಾರ ಕಾಕು ಮತ್ತೆ ಕೊನೆಯವರೆಗೂ ಕೂತಳು. ಅವ್ವನಿಗೆ ಊದಲು ಧೈರ್ಯ ಬರಲಿಲ್ಲ. ನಮ್ಮ ಮುಖ ನೋಡಿದಳು. ಆಗ ಕಾಕು ತಾನೇ ಎದ್ದು, ತಂಬಿಗೆಯ ನೀರಿನಲ್ಲಿ ಎರಡು ಬೆರಳು ಅದ್ದಿ, ಉರಿಯನ್ನು ಮೆಲ್ಲಗೆ ಹಿಸುಕಿದಳು. ಹೊಗೆ ಪೂರ್ತಿ ಹೋಗುವವರೆಗೂ ನೋಡುತ್ತ ನಿಂತಳು.

“ಡಬ್ಬಿ ಕೊಡ್ರಿ ವೈನಿ,” ಎಂದಳು. “ಮುಂದಿನ ವಾರಕ್ಕ ಆಗ್ತದ.”