ದೊಡ್ಡವರಾದ ಮೇಲೆ ಬನ್ನಿ

ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸಿನಲ್ಲಿ ಒಂದು ಕಂಪ್ಯೂಟರು ನನ್ನನ್ನು, "ನೀವಿನ್ನೂ ಚಿಕ್ಕವರು, ದೊಡ್ಡವರಾದ ಮೇಲೆ ಬನ್ನಿ" ಎಂದು ವಾಪಸು ಕಳಿಸಿತು. ಅರ್ಧ ತಲೆ ನೆರೆತಿದೆ, ಮೊಣಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಸಾಕಾಗಿದೆ, ಮಗನ ಮದುವೆ ಮಾಡಿ ಅತ್ತೆ ಎನಿಸಿಕೊಂಡಿದ್ದೇನೆ. ಇಷ್ಟಾದರೂ ದೊಡ್ಡವಳಾಗಿಲ್ಲವಂತೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯ ಮೇಲೆ. ಆದರೆ ಅವತ್ತು ಬಂದ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ, ಯಾಕೆಂದರೆ ಪಕ್ಕದಲ್ಲಿ ಕೂತಿದ್ದ ಸೊಸೆ ನಕ್ಕಳು. ಅವಳು ನಕ್ಕು ತಿಂಗಳ ಮೇಲಾಗಿತ್ತು.

ನಾವಿರುವುದು ಪುಣೆಯ ಧನಕವಡಿಯಲ್ಲಿ. ನಾನು ವಿಜಯಪುರದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ನಮ್ಮ ಮನೆಯವರು ಒಬ್ಬ ಬಟ್ಟೆ ವ್ಯಾಪಾರಿಯ ಹತ್ತಿರ ಗುಮಾಸ್ತರಾಗಿದ್ದು ಈಗ ಪೇಪರು ಓದುತ್ತ ಮನೆಯಲ್ಲಿದ್ದಾರೆ. ಸೊಸೆ ಮೈಸೂರಿನವಳು. ಮಗರಪಟ್ಟಾದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವುದು ಅವಳ ಕೆಲಸ. ಆಟವಾಡಿದ್ದಕ್ಕೆ ಬೈಸಿಕೊಂಡು ಬೆಳೆದ ನಮಗೆ, ಆಟ ಕಟ್ಟಿ ಸಂಬಳ ತರುವ ಸೊಸೆ ಸಿಕ್ಕಿದ್ದು ಸೋಜಿಗವೇ. ಇಬ್ಬರದೂ ಕನ್ನಡವೇ ಆದರೂ ನಾನು 'ಅದ' ಎಂದರೆ ಅವಳು 'ಇದೆ' ಎನ್ನುತ್ತಿದ್ದಳು. ನಾನು ಖಡಕ್ ರೊಟ್ಟಿ ಬಡಿದರೆ ಅವಳಿಗೆ ಅನ್ನ ಸಾರಿನ ನೆನಪು. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಒಬ್ಬರಿಗೊಬ್ಬರು ನೆಂಟರ ಹಾಗೆ ಮರ್ಯಾದೆ ಕೊಟ್ಟುಕೊಂಡು ಇದ್ದೆವು.

ಆ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಅವಳಿಗೆ ನಾಲ್ಕನೇ ತಿಂಗಳು. ಬೀದಿಯಲ್ಲಿ ಡೋಲು ಬಡಿಯುವ ಹುಡುಗರಿಗೆ ನಾನೇ ಹೋಗಿ ಮರಾಠಿಯಲ್ಲಿ, ನಮ್ಮ ಮನೆಯ ಮುಂದೆ ಸ್ವಲ್ಪ ಮೆತ್ತಗೆ ಬಡಿಯಿರಪ್ಪಾ ಎಂದು ಹೇಳಿ ಬಂದಿದ್ದೆ. ಹಬ್ಬ ಮುಗಿಯುವಷ್ಟರಲ್ಲಿ ಕೂಸು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವಳು ಕೆಲವೇ ದಿನಕ್ಕೆ ಲ್ಯಾಪ್‌ಟಾಪು ತೆರೆದು ಕೂತಳು. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದರು. ಬಂದುಹೋದವರೆಲ್ಲ "ಇನ್ನೂ ವಯಸ್ಸದ ಬಿಡ್ರಿ" ಎಂದರು. ಮಗ, "ಅವ್ವಾ, ಆ ವಿಷಯ ತಗೀಬ್ಯಾಡ, ತಾನಽ ಸರಿ ಹೋಗ್ತಾಳ" ಎಂದ. ಅವಳು ಅಳಲೂ ಇಲ್ಲ. ಕರೆದರೆ ಬಂದು ಉಣ್ಣುವಳು, ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗುವಳು.

ನಾನು ಅಂಟಿನ ಉಂಡಿ ಕಟ್ಟಿದೆ. ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲ. ನಮ್ಮ ಕಡೆ ಅದು ಬಾಣಂತಿಗೆ ಕೊಡುವ ಉಂಡಿ. ಕೂಸಿಲ್ಲದವಳಿಗೆ ಕೊಡಬಹುದೋ ಬಾರದೋ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮೈ ಹಣ್ಣಾದದ್ದು ಸುಳ್ಳೇ? ಡಬ್ಬಿ ತುಂಬಿಸಿ ಅವಳ ಕೋಣೆಯ ಕಪಾಟಿನಲ್ಲಿಟ್ಟು ಏನೂ ಹೇಳದೆ ಬಂದೆ. ಅವಳು ಮುಚ್ಚಳ ತೆಗೆಯಲಿಲ್ಲ. ಅವಳು ಬಾಯಿಬಿಟ್ಟು ಅಳಲಿ, ಇಲ್ಲವೇ ನನ್ನ ಮೇಲೆ ರೇಗಲಿ, ಏನಾದರೂ ಒಂದು ಆಗಲಿ ಎಂದು ನಾನು ಕಾಯುತ್ತಿದ್ದೆ. ಬಾಯಿ ಮುಚ್ಚಿಕೊಂಡು ನುಂಗಿದರೆ ಅದು ಎಷ್ಟು ವರ್ಷ ಒಳಗೆ ಕೂರುತ್ತದೆಂದು ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳೇ ಅಡುಗೆಮನೆಗೆ ಬಂದಳು. "ಅತ್ತೆ, ಸ್ವಲ್ಪ ಫ್ರೀ ಇದ್ದೀರಾ? ಟೆಸ್ಟಿಂಗ್‌ಗೆ ನಿಮ್ಮ ಏಜಿನವರೊಬ್ಬರು ಬೇಕು."

ಹೆಚ್ಚುತ್ತಿದ್ದ ಹೀರೇಕಾಯಿ ಅಲ್ಲೇ ಬಿಟ್ಟು ಎದ್ದೆ. ಆ ಹೊತ್ತಿನಲ್ಲಿ ಅವಳು ಬಾವಿಗೆ ಹಾರಿ ಎಂದಿದ್ದರೂ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದೆ.

"ಇದು ಅಡಲ್ಟ್ಸ್ ಗೇಮ್ ಅತ್ತೆ," ಎಂದಳು ಕುರ್ಚಿ ಸರಿಸಿ ಕೊಡುತ್ತ.

"ಅಂದ್ರ?"

"ಅಂದ್ರೆ... ದೊಡ್ಡವರದು. ಒಂದು ಕೊಲೆ ಆಗತ್ತೆ, ಕುಡಿಯೋದು ಇರತ್ತೆ, ಸ್ವಲ್ಪ ಲವ್ವು."

"ಸ್ವಲ್ಪ ಅಂದ್ರ ಎಷ್ಟು?"

ಅವಳ ಮುಖ ಕೆಂಪಾಯಿತು. "ನಿಮ್ಮನ್ನ ಅಲ್ಲೀವರೆಗೂ ಕರ್ಕೊಂಡು ಹೋಗಲ್ಲ, ಬಾಗಿಲವರೆಗೆ ಅಷ್ಟೇ."

ಆ ಬಾಗಿಲ ವಿಷಯವೇ ನಮಗೆ ಬೇಕಾದದ್ದು. ಈಗಿನ ಇಂಥ ಆಟಗಳು ಶುರುವಿನಲ್ಲಿ ಹುಟ್ಟಿದ ತಾರೀಖು ಕೇಳುತ್ತವಂತೆ. ಮೀಸೆ ಮೂಡದವರೂ ಬಾಯಿಗೆ ಬಂದ ತಾರೀಖು ಒತ್ತಿ ಒಳಗೆ ಹೋಗುತ್ತಾರಂತೆ. ಬಹಳ ಹಿಂದೆ ಹಾಗಿರಲಿಲ್ಲ. ಹೊರದೇಶದ ಹಳೆಯ ಆಟಗಳು ಬಾಗಿಲಲ್ಲಿ ನಿಲ್ಲಿಸಿ ಕೆಲವು ಪ್ರಶ್ನೆ ಕೇಳುತ್ತಿದ್ದವು. ಅವರ ಹಳೆಯ ರಾಜಕಾರಣ, ಹಳೆಯ ಹಾಡು, ಹಿಂದಿನ ಕಾಲದ ಸುದ್ದಿ, ಹೀಗೆ ವಯಸ್ಸಾದವರಿಗೆ ಮಾತ್ರ ಗೊತ್ತಿರುವಂಥವು. ಉತ್ತರ ಬಂದರೆ ಒಳಗೆ, ಬಾರದಿದ್ದರೆ ಹೊರಗೆ. ಹುಡುಗರು ಅಪ್ಪ ಅಮ್ಮನ ಹತ್ತಿರ ಹೋಗಿ, ಏನೂ ಅರಿಯದವರ ಹಾಗೆ ಉತ್ತರ ಕೇಳಿಕೊಂಡು ಬರುತ್ತಿದ್ದರಂತೆ. ಸೊಸೆಯ ಕಂಪನಿಯ ಹಿರಿಯರಿಗೆ ಆ ಪದ್ಧತಿಯ ಮೇಲೆ ಪ್ರೀತಿ. ಅದನ್ನೇ ನಮ್ಮ ದೇಶದ ಭಾಷೆಗಳಲ್ಲಿ ಮಾಡೋಣ ಎಂದು ಹೊರಟಿದ್ದರು, ಕನ್ನಡದ್ದು ಇವಳ ಪಾಲಿಗೆ ಬಂದಿತ್ತು. ಕಂಪ್ಯೂಟರು ಪ್ರಶ್ನೆ ಓದುತ್ತದೆ, ನಾವು ಬಾಯಿಬಿಟ್ಟು ಉತ್ತರ ಹೇಳಬೇಕು, ಅದು ಕೇಳಿಸಿಕೊಳ್ಳುತ್ತದೆ.

ಮೊದಲ ಪ್ರಶ್ನೆ ಬಂತು. ಹಾಡಿನ ಕ್ಯಾಸೆಟ್ಟಿನ ಟೇಪು ಹೊರಗೆ ಬಂದರೆ ಏನು ಹಾಕಿ ಸುತ್ತುತ್ತಿದ್ದರು? "ಪೆನ್ಸಿಲ್," ಎಂದೆ. ಟಿಣ್ ಎಂದಿತು. ಅಂಚೆಯವನು ಯಾವ ಕಾಗದ ತಂದರೆ ಮನೆಮಂದಿಯೆಲ್ಲ ಹೆದರುತ್ತಿದ್ದರು? "ತಾರು." ಅದೂ ಟಿಣ್. ನನಗೆ ಜಂಬ ಬಂತು. ಸೆರಗು ಸರಿ ಮಾಡಿಕೊಂಡು ಮುಂದಿನದಕ್ಕೆ ಕೂತೆ.

ಮೂರನೆಯದು ಒಬ್ಬ ಹಳೆಯ ಸಿನಿಮಾ ನಾಯಕನ ಬಗ್ಗೆ. ಫೋಟೊ ತೋರಿಸಿ, ಈ ನಾಯಕನ ಹೆಸರೇನು ಎಂದಿತು. ನನಗೆ ಗೊತ್ತಿರಲಿಲ್ಲವೇ? ಆ ಮುಖ ಕಂಡಾಗಲೆಲ್ಲ ನಮ್ಮ ಮನೆಯವರು ಮೀಸೆ ತಿರುವುತ್ತ, "ನಮ್ಮಿಬ್ಬರದೂ ಒಂದಽ ಹೆಸರು ನೋಡು" ಎಂದು ನನ್ನ ತಲೆ ತಿಂದಿದ್ದಾರೆ. ಕಷ್ಟ ಇದ್ದದ್ದೇ ಅಲ್ಲಿ. ಗಂಡನ ಹೆಸರು ನಾನು ಹೇಗೆ ಹೇಳಲಿ?

"ಹೇಳಿ ಅತ್ತೆ, ಟೈಮ್ ಹೋಗ್ತಾ ಇದೆ," ಎಂದಳು ಸೊಸೆ.

"ನಮ್ಮನಿಯವರು," ಎಂದೆ.

ಕಂಪ್ಯೂಟರು ಕೊರ್ರೆಂದಿತು. ಉತ್ತರ ತಪ್ಪು, ಇನ್ನೊಂದು ಅವಕಾಶ ಇದೆ ಎಂದಿತು. ಸೊಸೆ ಬೆರಗಾಗಿ ನನ್ನನ್ನೇ ನೋಡಿದಳು. ನಾನು ಕಣ್ಣಲ್ಲೇ ಹೊರಗೆ ಕೂತ ಅವಳ ಮಾವನವರನ್ನು ತೋರಿಸಿದೆ. ಅವಳಿಗೆ ಅರ್ಥವಾಗಿ ಬಾಯಿಗೆ ಕೈ ಹಚ್ಚಿಕೊಂಡಳು. ನನಗೂ ಹಟ ಬಂತು. ನಮ್ಮ ಕಡೆ ಗಂಡನ ಹೆಸರು ಬರೀ ಬಾಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಆ ಪದ್ಯದಲ್ಲಿ ಸೇರಿಸಿ ಹೇಳುತ್ತೇವೆ. ಸರಿ, ಪರದೆಯ ಹತ್ತಿರ ಮುಖ ಒಯ್ದು ಗಟ್ಟಿಯಾಗಿ ಶುರು ಮಾಡಿದೆ:

"ಏನ ಹೇಳಿದರೂ ತಪ್ಪಂತದ ಈ ಯಂತ್ರ..."

ಎರಡನೇ ಸಾಲಿನಲ್ಲಿ ಇಂಥವರ ಹೆಸರೇ ನನ್ನ ಬಾಯೊಳಗಿನ ಮಂತ್ರ ಎಂದು ಬರುತ್ತದೆ. ಅಲ್ಲಿ ಹೆಸರನ್ನೂ ಹೇಳಿದೆ, ಕಣ್ಣು ಮುಚ್ಚಿಕೊಂಡು. ಆದರೆ ಆ ಯಂತ್ರಕ್ಕೆ ಅಷ್ಟು ತಾಳ್ಮೆ ಎಲ್ಲಿಯದು? ಮೊದಲ ಸಾಲಿಗೇ ಕೊರ್ರೆಂದು, "ನೀವಿನ್ನೂ ಚಿಕ್ಕವರು, ದೊಡ್ಡವರಾದ ಮೇಲೆ ಬನ್ನಿ" ಎಂದು ಬಾಗಿಲು ಹಾಕಿಕೊಂಡಿತು. ಹೊರಗಿನಿಂದ ನಮ್ಮ ಮನೆಯವರು ಪೇಪರು ಹಿಡಿದುಕೊಂಡೇ ಓಡಿ ಬಂದರು. "ಯಾರು ಕರದ್ರು ನನ್ನ? ಏನಾತು?"

ಆಗ ನಕ್ಕಳು ಅವಳು. ಮೇಜಿನ ಮೇಲೆ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾರೂ ಕರದಿಲ್ಲ, ನೀವು ಪೇಪರ ಓದ್ರಿ," ಎಂದು ಅವರನ್ನು ಕಳಿಸಿದೆ. ಹೋಗುವಾಗ ಅವರ ಮುಖದಲ್ಲಿ ಹೊಸ ಮದುವಣಿಗನ ಕಳೆ ಇತ್ತು.

"ಬರೀ ಹೆಸರು ಹೇಳಿದ್ರೆ ಏನಾಗತ್ತೆ ಅತ್ತೆ?" ಎಂದಳು ಕಣ್ಣೊರೆಸಿಕೊಂಡು.

"ಏನೂ ಆಗೂದಿಲ್ಲ. ಆದ್ರ ನಾಲಿಗಿ ಹೊರಳೂದಿಲ್ಲ."

ಅವತ್ತು ಅವಳಿಗೆ ನನ್ನನ್ನು ಮನೆ ತುಂಬಿಸಿಕೊಂಡ ದಿನದ ಕಥೆ ಹೇಳಿದೆ. ಇದೇ ಧನಕವಡಿಯ ಹಳೆಯ ಬಾಡಿಗೆ ಮನೆ. ನಾದಿನಿ ಎರಡೂ ಕೈ ಚಾಚಿ ಬಾಗಿಲು ತಡೆದು, "ಹೆಸರ ಹೇಳು, ಆಮ್ಯಾಲ ಒಳಗ ಬಾ" ಎಂದಳು. ಅವ್ವ ಕಲಿಸಿ ಕಳಿಸಿದ ಒಡಪು ಆ ಗದ್ದಲದಲ್ಲಿ ಮರೆತೇ ಹೋಗಿತ್ತು. ಹೊಸ್ತಿಲ ಮುಂದೆ ತಲೆ ತಗ್ಗಿಸಿ ನಿಂತಿದ್ದೆ, ಕಣ್ಣಲ್ಲಿ ನೀರು. ಹಿಂದೆ ನಿಂತಿದ್ದ ನೆರೆಮನೆಯ ಮರಾಠಿ ಹೆಂಗಸೊಬ್ಬಳು ತಮ್ಮ ಕಡೆಯ ಒಡಪು, ಉಖಾಣೆಯ ಒಂದು ಸಾಲನ್ನು ಕಿವಿಯಲ್ಲಿ ಊದಿದಳು. ಅವರಲ್ಲೂ ಇದೇ ಪದ್ಧತಿ. ಅವಳ ಅರ್ಧ ಮರಾಠಿ, ನನ್ನ ಅರ್ಧ ಕನ್ನಡ ಕೂಡಿಸಿ ಏನೋ ಹೇಳಿದೆ. ಎಲ್ಲರೂ ನಕ್ಕರು, ನಾದಿನಿ ಕೈ ಇಳಿಸಿದಳು.

"ಅದೂ ಏಜ್ ಚೆಕ್ಕೇ ಅಲ್ವಾ ಅತ್ತೆ!" ಎಂದಳು ಸೊಸೆ. "ಆನ್ಸರ್ ಹೇಳಿದ್ರೆ ಒಳಗೆ, ಇಲ್ದಿದ್ರೆ ಹೊರಗೆ."

ಅಲ್ಲಿಂದ ಮುಂದೆ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಪ್ರಶ್ನೆ ಹುಡುಕುತ್ತ ಕೂರುತ್ತಿದ್ದೆವು. ನಾನು ಹೇಳಿದ್ದನ್ನು ಅವಳು ಟೈಪು ಮಾಡುವಳು. ಸ್ಟೋವಿಗೆ ಪಿನ್ನು ಯಾಕೆ ಬೇಕಿತ್ತು, ರೇಶನ್ನಿನ ಸೀಮೆಎಣ್ಣೆಗೆ ಸಾಲಿನಲ್ಲಿ ನಮ್ಮ ಬದಲು ಏನನ್ನು ನಿಲ್ಲಿಸುತ್ತಿದ್ದೆವು, ಹೀಗೆ. ಆದರೆ ಎಲ್ಲವೂ ಒಂದೇ ಕಾರಣಕ್ಕೆ ಬಿದ್ದುಹೋಗುತ್ತಿದ್ದವು.

"ಮಕ್ಕಳು ಫೋನಲ್ಲಿ ಹುಡುಕಿಬಿಡ್ತಾರೆ ಅತ್ತೆ. ಫೋನಿಗೆ ಗೊತ್ತಿರಬಾರದು, ದೊಡ್ಡವರಿಗೆ ಮಾತ್ರ ಗೊತ್ತಿರಬೇಕು. ಅಂಥದ್ದು ಒಂದೇ ಒಂದು ಹೇಳಿ, ಸಾಕು."

"ವಿಚಾರ ಮಾಡ್ತೀನಿ," ಎಂದೆ. ಸುಳ್ಳು. ವಿಚಾರ ಮಾಡುವುದೇನಿತ್ತು, ಕೇಳಿದ ಕ್ಷಣವೇ ಹೊಳೆದಿತ್ತು. ಹೇಳಲು ಧೈರ್ಯ ಸಾಲಲಿಲ್ಲ. ಅವಳು ಈಗಷ್ಟೇ ನಗಲು ಶುರು ಮಾಡಿದ್ದಳು. ಬಾಯಿಬಿಟ್ಟರೆ ಆ ನಗು ಮತ್ತೆ ಹೋಗಿಬಿಟ್ಟರೆ? ಮಗ ಹೇಳಿದ್ದು ಸರಿಯೇ ಇದ್ದರೆ? ಆದರೆ ಆ ಉಂಡಿಯ ಡಬ್ಬಿ ಇನ್ನೂ ಮುಚ್ಚಿಯೇ ಇತ್ತು. ದಿನಾ ಕಸ ಹೊಡೆಯುವಾಗ ನೋಡುತ್ತಿದ್ದೆ.

ಒಂದು ದಿನ ಒಣಗಿದ ಬಟ್ಟೆ ಮಡಚುತ್ತ ಅವಳ ಹಾಸಿಗೆಯ ಮೇಲೆ ಕೂತಿದ್ದೆ. "ಸಿಕ್ತಾ ಅತ್ತೆ, ನಿಮ್ಮ ಪ್ರಶ್ನೆ?" ಎಂದಳು ತಮಾಷೆಯಾಗಿ.

"ಸಿಕ್ಕದ. ಮದಲ ಆ ಪೆಟಗಿ ಮುಚ್ಚು."

ಅವಳು ಲ್ಯಾಪ್‌ಟಾಪು ಮುಚ್ಚಿದಳು. ನಾನು ಮಡಚುತ್ತಿದ್ದ ಟವೆಲ್ಲನ್ನೇ ನೋಡುತ್ತ ಕೇಳಿದೆ.

"ಹೊಟ್ಟ್ಯಾಗಽ ಹೋದ ಕೂಸಿಗೆ ಈಗ ಎಷ್ಟು ವಯಸ್ಸು?"

ಕೆಟ್ಟೆನಲ್ಲಪ್ಪಾ ಎಂದುಕೊಂಡೆ. ಅವಳು ಟವೆಲ್ಲಿನ ಇನ್ನೊಂದು ತುದಿ ಹಿಡಿದು, "ಯಾರ ಕೂಸು ಅತ್ತೆ?" ಎಂದಳು.

"ನಂದವಾ. ನಿನ್ನ ಗಂಡ ಹುಟ್ಟೂದಕ್ಕಿಂತ ಮದಲ. ಆರನೇ ತಿಂಗಳಿನ್ಯಾಗ ಹೋತು. ಇದ್ದಿದ್ರ ಈಗ ನಲವತ್ತು."

ಯಾರ ಮುಂದೂ ಆಡದ ಮಾತನ್ನು ಅವತ್ತು ಆಡಿದೆ. ಆಗಲೂ ಎಲ್ಲರೂ ಇನ್ನೂ ವಯಸ್ಸದ ಎಂದಿದ್ದರು. ನಮ್ಮ ಅತ್ತೆ ಕೆಟ್ಟವರಲ್ಲ, ಆದರೆ ಕೂಸಿಲ್ಲದ ಬಾಣಂತನ ಅವರಿಗೂ ಗೊತ್ತಿರಲಿಲ್ಲ. ಸ್ನಾನ ಮಾಡಿಸಿ, ಉಂಡಿ ಕಟ್ಟದೆ, ಅಡುಗೆಗೆಂದು ಒಲೆಯ ಮುಂದೆ ಕೂರಿಸಿದರು. ಮುಂದೆ ಮಗ ಹುಟ್ಟಿದ, ಮನೆಯವರೆಲ್ಲ ಅದನ್ನು ಮರೆತರು. ನಾನು ಮರೆಯಲಿಲ್ಲ. "ಇವನ ಹುಟ್ಟಿದ ಹಬ್ಬದ ದಿನಾ ಅದಕ್ಕೂ ಒಂದು ವರ್ಷ ಕೂಡಸ್ತೀನಿ. ಸಾಲಿಗೆ ಹೊಂಟಿತ್ತು, ಮದುವಿಗೆ ಬಂದಿತ್ತು ಅಂತ ಅಂದಕೋತೀನಿ. ಹುಚ್ಚು ನಂದು."

"ಹುಚ್ಚಲ್ಲ ಅತ್ತೆ," ಎಂದಳು. "ನನ್ನದು ಶಿವರಾತ್ರಿ ಹೊತ್ತಿಗೆ ಬರ್ತಿತ್ತು. ಎಲ್ಲರೂ ಮತ್ತೆ ಆಗತ್ತೆ ಮತ್ತೆ ಆಗತ್ತೆ ಅಂತಾರೆ. ನನಗೆ ಆ ಕೂಸೇ ಬೇಕಿತ್ತು."

ಆಮೇಲೆ ಅತ್ತಳು. ಮಡಚಿದ ಬಟ್ಟೆಯ ಮೇಲೆಲ್ಲ ಬಿದ್ದು, ದನಿ ತೆಗೆದು ಅತ್ತಳು. ನಾನು ಸುಮ್ಮನಿರಿಸಲಿಲ್ಲ. ಬೆನ್ನ ಮೇಲೆ ಕೈಯಾಡಿಸುತ್ತ ನಾನೂ ಅತ್ತೆ. ಹೊರಗೆ ಪೇಪರಿನ ಸದ್ದು ನಿಂತಿತು. ನಮ್ಮ ಮನೆಯವರು ಬಾಗಿಲವರೆಗೆ ಬಂದು, ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅತ್ತು ಹಗುರಾದ ಮೇಲೆ ಅವಳೇ ಎದ್ದು ಕಪಾಟಿನಿಂದ ಡಬ್ಬಿ ತಂದು ಮುಚ್ಚಳ ತೆಗೆದಳು. ಉಂಡಿ ಕಲ್ಲಾಗಿತ್ತು. ಒಂದನ್ನು ಬಾಗಿಲ ಸಂದಿಯಲ್ಲಿಟ್ಟು ಒಡೆದು, ಅರ್ಧ ಅವಳಿಗೆ ಕೊಟ್ಟು ಅರ್ಧ ನಾನು ಬಾಯಿಗಿಟ್ಟೆ. ನನ್ನ ಪಾಲಿನ ಉಂಡಿ ನನಗೆ ಸಿಕ್ಕಲು ನಲವತ್ತು ವರ್ಷ ಹಿಡಿಯಿತು.

"ಈ ಪ್ರಶ್ನೆ ನಿಮ್ಮ ಆಟದಾಗ ಹಾಕಬ್ಯಾಡ," ಎಂದೆ.

"ಹಾಕಲ್ಲ." ಅವಳು ನಿಧಾನವಾಗಿ ಅಗಿಯುತ್ತಿದ್ದಳು. "ಅತ್ತೆ, ಅದಕ್ಕೆ ಹೆಸರು ಇಟ್ಟಿದ್ರಾ?"

ಇಟ್ಟಿದ್ದೆ. ಮನಸ್ಸಿನಲ್ಲೇ ಇಟ್ಟಿದ್ದೆ, ನಮ್ಮ ಮನೆಯವರಿಗೂ ಗೊತ್ತಿಲ್ಲ. ಇಷ್ಟು ವರ್ಷ ಒಮ್ಮೆಯೂ ಬಾಯಿಂದ ಹೊರಗೆ ಬಂದಿರದ ಹೆಸರು. ನಾಲಿಗೆ ಹೊರಳುತ್ತದೋ ಇಲ್ಲವೋ ಎಂದು ಹೆದರಿದೆ. ಹೊರಳಿತು. ಒಡಪು ಕಟ್ಟದೆ, ಬರೀ ಹೆಸರನ್ನೇ ಹೇಳಿದೆ. ಅವಳು ಅದನ್ನು ಇನ್ನೊಮ್ಮೆ ಮೆಲ್ಲಗೆ ತಾನೂ ಹೇಳಿ, ಆಮೇಲೆ ತನ್ನ ಕೂಸಿನ ಹೆಸರು ಹೇಳಿದಳು.