ಕಾವಲಿನ ಹೊಸ ಯಜಮಾನ

ತೇವಾರಂ ಬೆಟ್ಟದಿಂದ ಹೊಲಗಳಿಗೆ ಇಳಿಯುವ ಆನೆಗಳನ್ನು ಕಾಯುವ ನಮ್ಮ ಗುಂಪಿಗೆ ಊರವರು ಹೊಸ ಯಜಮಾನನನ್ನು ಆರಿಸಿದರು. ಹಳೆಯ ಯಜಮಾನ ವೀರಪ್ಪ ಮಾಮನಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಂತು. ಬಿಸಿಲಲ್ಲಿ ಬೆಟ್ಟ ಹತ್ತಿ ಅವರ ಅಟ್ಟಣೆ ಸೇರುವಾಗ ಕಾಲುಗಳು ಸೋತುಹೋಗಿದ್ದವು.

"ಮಾಮಾ, ನಾಳೆಯಿಂದ ನೀವು ಮನೇಲೇ ಇರಬೇಕಂತೆ."

ಅವರು ತಿರುಗಿ ನೋಡಲಿಲ್ಲ. "ಕಣ್ಣು ಮಂಜಾಯ್ತು ಅಂದ್ರಾ?"

"ಹೂಂ."

"ನಿಜವೇ. ನನ್ನ ಜಾಗಕ್ಕೆ ಯಾರು ಬರ್ತಾರೆ?"

ದಾರಿಯುದ್ದಕ್ಕೂ ಇದಕ್ಕೊಂದು ಒಳ್ಳೆಯ ಮಾತು ಹುಡುಕಿದ್ದೆ, ಸಿಕ್ಕಿರಲಿಲ್ಲ. "ನಾನೇ, ಮಾಮಾ."

ಅವರು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಕೊಟ್ಟರು. "ಹಂಗಾದ್ರೆ ಮೊದಲ ಅಪ್ಪಣೆ ಕೊಡು, ತಂಬಿ."

"ನಾಳೆಯೂ ನೀವು ಬನ್ನಿ," ಎಂದೆ.

ಯಜಮಾನಿಕೆ ಸಿಕ್ಕ ದಿನವೇ ಊರವರ ಮಾತು ಮೀರಿದ್ದೆ. ಅದನ್ನು ಊರವರಿಗೆ ಹೇಳಲು ಮತ್ತೆ ಅಷ್ಟು ದೂರ ಇಳಿಯಬೇಕಿತ್ತು.