ಕಸವೆಂದು ತೆಗೆದಿಟ್ಟದ್ದು

ಲ್ಯಾಬಿನಲ್ಲಿ ಆಕೆಗೆ ಮಡಿಯಕ್ಕ ಎಂದೇ ಹೆಸರು. ಮುಟ್ಟಿದ್ದನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸುವವಳು. ಬಾಗಿಲ ಹಿಡಿಯನ್ನೂ ಬಿಟ್ಟವಳಲ್ಲ. ವರ್ಕ್‌ಶಾಪಿನ ಹಿಂದಿನ ಚರಂಡಿಯ ಕೆಸರಿನಿಂದ ಎಣ್ಣೆ ತಿನ್ನುವ ಸೂಕ್ಷ್ಮಜೀವಿಯೊಂದನ್ನು ಹೆಕ್ಕಿ, ಜೊತೆಗಿದ್ದವನ್ನೆಲ್ಲ ಹೊರಗಟ್ಟಿ, ಒಂಟಿಯಾಗಿ ಬೆಳೆಸಿದ್ದು ಆಕೆಯ ಹೆಮ್ಮೆ. ಅದಕ್ಕೆ ವರ್ಷಗಳನ್ನೇ ಸವೆಸಿದ್ದಳು.

ಈಗ ಆ ಜೀವಿ ಮುಷ್ಕರ ಹೂಡಿತ್ತು. ಎಣ್ಣೆ ಮುಟ್ಟದು, ಬೆಳೆಯದು, ಹಾಕಿದಲ್ಲೆಲ್ಲ ಸಾಯುತ್ತಿತ್ತು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟದ್ದರಲ್ಲಿ ಉಳಿದದ್ದು ಒಂದೇ ಕೊಳವೆ. ಮತ್ತೆ ಕೆಸರು ತರೋಣವೆಂದರೆ ಚರಂಡಿಗೆ ಕಾಂಕ್ರೀಟು ಬಿದ್ದಾಗಿತ್ತು. ಕೊಳವೆ ಕರಗಿಸಿದರೆ ಒಂದೇ ಪ್ರಯೋಗ. ತಪ್ಪಿದರೆ ಎಲ್ಲ ನೀರುಪಾಲು.

ಆ ಲ್ಯಾಬಿನಲ್ಲೊಂದು ಪದ್ಧತಿಯಿತ್ತು. ಇಂಥ ಪ್ರಯೋಗ ಮಾಡೋಣ ಎನ್ನುವವರು ಅದನ್ನು ಬೋರ್ಡಿನ ಮೇಲೆ ಬರೆದು ಅಲ್ಲೇ ನಿಲ್ಲಬೇಕು. ಹೌದು ಎಂದು ಬಂದರೆ ನಾಳೆ ಏನು ಮಾಡುವುದು, ಇಲ್ಲ ಎಂದು ಬಂದರೆ ಏನು ಮಾಡುವುದು, ಹೇಳಬೇಕು. ಎರಡಕ್ಕೂ ಒಂದೇ ಉತ್ತರವಾದರೆ ಬರೆದವರೇ ಒರೆಸಬೇಕು.

ಹೊಸ ಯಂತ್ರ ನೋಡಿಕೊಳ್ಳುವವನು ಮೊದಲು ಬರೆದ: ಯಂತ್ರದಲ್ಲಿ ಜೀನುಗಳನ್ನೆಲ್ಲ ಓದಿಸುವುದು.

“ಏನಾದ್ರೂ ಸಿಕ್ರೆ?” ಎಂದರು ಲ್ಯಾಬಿನ ಮೇಷ್ಟ್ರು.

“ನೋಡೋಣ ಸಾರ್.”

“ಸಿಗ್ದಿದ್ರೆ?”

“ಆಗ್ಲೂ... ನೋಡೋಣ.”

“ನೀನು ಯಂತ್ರದ ಹೊಟ್ಟೆ ತುಂಬ್ಸೋಕೆ ಹೊರಟಿದೀಯ ಕಣಪ್ಪ. ಒರ್ಸು.”

ಮಡಿಯಕ್ಕ ಬರೆದಳು: ಇನ್ನೂ ಶುದ್ಧ ಮಾಡಿ ಬೆಳೆಸುವುದು.

“ಬೆಳೀತು ಅಂದ್ರೆ?”

“ಇನ್ನೂ ಶುದ್ಧ ಮಾಡ್ತೀನಿ ಸಾರ್.”

“ಬೆಳೀಲಿಲ್ಲ ಅಂದ್ರೆ?”

“ಆಗ್ಲೂ ಇನ್ನೂ ಶುದ್ಧ...” ಎಂದು ಆಕೆ ಅಲ್ಲೇ ತಡೆದಳು. ಯಂತ್ರದವನು ಒರೆಸುವ ಬಟ್ಟೆಯನ್ನು ಮೆಲ್ಲಗೆ ಮುಂದೆ ಚಾಚಿದ. “ತಗೋ ಅಕ್ಕ, ಇನ್ನೂ ಬೆಚ್ಚಗಿದೆ.”

“ಬಾಯ್ ಮುಚ್ಕೊಂಡಿರೋ!”

ಕೋಪಕ್ಕೆ ಬೋರ್ಡು ಅಲ್ಲಾಡುವ ಹಾಗೆ ಉಜ್ಜಿದಳು. ಉಜ್ಜಿದರೂ ಜಾಗಕ್ಕೆ ಹೋಗಲಿಲ್ಲ. ಬಹಳ ದಿನದಿಂದ ಒಂದು ಅನುಮಾನ ಒಳಗೇ ಕೊರೆಯುತ್ತಿತ್ತು: ಪ್ರತಿಸಲ ಶುದ್ಧ ಮಾಡಿದಾಗಲೂ ಜೀವಿ ಇನ್ನಷ್ಟು ಸೊರಗಿತ್ತು. ಹೊರಗಟ್ಟಿದ ಜೀವಿಗಳು ಎಣ್ಣೆ ತಿನ್ನುವಂಥವಲ್ಲ. ಅವಕ್ಕೆ “ಕಸ” ಎಂದು ಚೀಟಿ ಅಂಟಿಸಿ ಫ್ರೀಜರಿನ ತಳಕ್ಕೆ ತಳ್ಳಿದ್ದಳು.

ಸೀಮೆಸುಣ್ಣ ಎತ್ತಿ ಬರೆದಳು: ಕೊಳವೆಯ ಅರ್ಧ ಒಂಟಿಯಾಗಿ, ಇನ್ನರ್ಧ ಕಸದ ಜೊತೆಗೆ.

“ಜೊತೆಗಿದ್ದದ್ದು ಬೆಳೆದ್ರೆ ಯಾರ ಜೊತೆ ಬೇಕು ಅಂತ ಒಬ್ಬೊಬ್ಬರನ್ನೇ ಬಿಟ್ಟು ನೋಡ್ತೀನಿ. ಬೆಳೀದಿದ್ರೆ ಇದಕ್ಕೆ ಕೈ ಮುಗಿದು ಬೇರೆ ಚರಂಡಿ ಹುಡುಕ್ತೀನಿ.”

ಮೇಷ್ಟ್ರು ಕನ್ನಡಕ ತೆಗೆದರು. “ಬೆಳೆದ್ರೆ, ನೀನು ಇಷ್ಟು ವರ್ಷ ಮಾಡಿದ ಕೆಲಸನೇ ಅದನ್ನ ಕೊಲ್ತಿತ್ತು ಅಂತ ಆಗುತ್ತಮ್ಮ.”

“ಗೊತ್ತು ಸಾರ್. ಅದಕ್ಕೇ ಇಲ್ಲೀವರೆಗೆ ಬರೀಲಿಲ್ಲ.”

ಆ ಸಾಲನ್ನು ಒರೆಸು ಎಂದು ಯಾರೂ ಹೇಳಲಿಲ್ಲ.

ಕೊಳವೆ ಕರಗಿತು. ಮೊದಮೊದಲು ಎರಡೂ ಫ್ಲಾಸ್ಕು ಎಣ್ಣೆಯ ಪದರದ ಕೆಳಗೆ ಕುಡಿಯುವ ನೀರಿನಷ್ಟು ತಿಳಿ. ಆಕೆ ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದಳು. ವಾರ ಕಳೆದ ಮೇಲೆ ಒಂದು ಬೆಳಗ್ಗೆ ನೋಡಿದರೆ ಒಂಟಿ ಫ್ಲಾಸ್ಕಿನಲ್ಲಿ ಎಣ್ಣೆ ಹಾಗೇ ಮಿರುಗುತ್ತಿತ್ತು. ಪಕ್ಕದ್ದು ಮಜ್ಜಿಗೆಯಂತೆ ಕದಡಿ, ಎಣ್ಣೆಯ ಪದರ ಚಿಂದಿಯಾಗಿ ಹರಿದುಹೋಗಿತ್ತು.

“ವರ್ಷಗಟ್ಲೆ ಮಾಡಿದ್ದು ಹೋಯ್ತಲ್ಲ ಅಕ್ಕ,” ಎಂದ ಯಂತ್ರದವನು. ಈ ಸಲ ಅದರಲ್ಲಿ ಕುಹಕವಿರಲಿಲ್ಲ.

“ಹೋಯ್ತು ಕಣೋ.” ಆಕೆ ಮೂಗು ಒರೆಸಿಕೊಂಡು ನಕ್ಕಳು. “ನಿಂತ್ಕೊಂಡು ನೋಡ್ತೀಯೇನು? ಖಾಲಿ ಕೊಳವೆ ತಾ, ಇರೋ ಬರೋದೆಲ್ಲ. ಮೊದ್ಲು ಇದನ್ನ ತುಂಬಿ ಫ್ರೀಜರಿಗೆ ಇಡೋಣ.”